ಮೇಡಂ ತಂದ ಪೇರಲ ಬಣ್ಣ

ಕಳೆದ ವಾರ ಸೊಸೆ ಹಳೆಯ ಟ್ರಂಕು ಖಾಲಿ ಮಾಡುತ್ತಿದ್ದಳು. ತಳದಲ್ಲಿ ಸಿಕ್ಕ ಅಂಗೈಯಗಲದ ಬಟ್ಟೆಯ ತುಂಡೊಂದನ್ನು ತಂದು, ಒಲೆ ಒರೆಸಲು ಇಟ್ಟುಕೊಳ್ಳಲೇ ಎಂದು ಕೇಳಿದಳು. ನಾನು ಅದನ್ನು ಕಸಿದುಕೊಂಡ ರಭಸಕ್ಕೆ ಅವಳು ಗಾಬರಿಯಾದಳು. ಮೂಗಿಗೆ ಹಿಡಿದು ನೋಡಿದೆ. ಹಳಸಿದ ಹಾಲಿನ ಕಮಟು, ಅದರ ಹಿಂದೆ ಹುಳಿ ಅಂಬಲಿಯ ವಾಸನೆ... ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಆ ವಾಸನೆಗೆ ಮೇಡಂ ನೆನಪಾದಳು. ನೆನಪಾಗಲಿ ಎಂದು ನಾನೇನೂ ಹಂಬಲಿಸುತ್ತಿರಲಿಲ್ಲ. ಎದುರಿಗಿದ್ದಾಗ ‘ರೀ’ ಹಚ್ಚಿ ಮಾತಾಡಿಸುತ್ತಿದ್ದೆ, ಇಲ್ಲಿ ಹಚ್ಚುವುದಿಲ್ಲ. ಅಷ್ಟು ಸಿಟ್ಟು ಇನ್ನೂ ಉಳಿದಿದೆ.

ಸುರಪುರದಲ್ಲಿ ನಮ್ಮದು ಬಟ್ಟೆಗೆ ಬಣ್ಣ ಹಾಕುವ ಮನೆ. ಅಬ್ಬಾನ ಅಪ್ಪ, ನಮ್ಮ ದಾದಾ, ಬೇರು, ತೊಗಟೆ ಕುದಿಸಿ ಬಣ್ಣ ತೆಗೆಯುತ್ತಿದ್ದ. ಅಬ್ಬಾನ ಕಾಲಕ್ಕೆ ಪುಡಿ ಬಣ್ಣದ ಡಬ್ಬಿ ಬಂದವು. ಬಾವಿಯಿಂದ ನೀರು ಸೇದಿ ಸೇದಿ ಅಬ್ಬಾನ ಬೆನ್ನು ಬಾಗಿತ್ತು. ನನ್ನ ಪಾಳಿ ಬಂದಾಗ ಕಾಲುವೆಯೇ ಮನೆ ಬಾಗಿಲಿಗೆ ಬಂತು. ಹಿತ್ತಲ ಗೋಡೆಯ ಆಚೆಗೇ ಮರಿಗಾಲುವೆ. ಈ ಕಡೆಯಿಂದ ನೀರು ತುಂಬಿಕೊಳ್ಳುವುದು, ಹಂಡೆಯ ಕೆಂಪು ನೀರನ್ನು ಮೋರಿಯಲ್ಲಿ ಆ ಕಡೆ ಬಿಡುವುದು. ಬಾದಶಹನ ಬಾಳು! ಅದರಲ್ಲಿ ದನ ತೊಳೆಯುವವರಿದ್ದರು, ಟ್ರ್ಯಾಕ್ಟರು ತೊಳೆಯುವವರಿದ್ದರು. ಯಾರ ಹೊಲಸೂ ಕೆಂಪಗಿರಲಿಲ್ಲ ನೋಡಿ, ನನ್ನದೊಂದೇ ಕಣ್ಣಿಗೆ ಬಿತ್ತು.

ಬಿದ್ದದ್ದು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಈ ಮೇಡಂ ಕಣ್ಣಿಗೆ. ಶಹಾಪುರದವಳು. ಇನ್ನೂ ಮೂವತ್ತು ಆಗಿರಲಿಕ್ಕಿಲ್ಲ, ಮಾತು ಮಾತ್ರ ತಹಸೀಲ್ದಾರರ ಗತ್ತಿನದು. ಒಂದು ದಿನ ಬಂದು ಮೋರಿಯ ನೀರನ್ನು ಬಾಟಲಿಯಲ್ಲಿ ಹಿಡಿದುಕೊಂಡು ಹೋದಳು. ಅರ್ಜಿ ಬರೆದಳು. ಕಾಲುವೆ ಸಾಹೇಬರು ಬಂದು ನನ್ನ ಮೋರಿಗೆ ಸಿಮೆಂಟು ಜಡಿದರು. ಛತ್ರಿ ಹಿಡಿದುಕೊಂಡು ನಿಂತು ಅದನ್ನೆಲ್ಲ ನೋಡಿದ ಮೇಲೆ ಹೇಳಿದಳು: “ಸಿಟ್ಟಾಗಬ್ಯಾಡ್ರಿ ಭಾಯಿ. ಆ ನೀರು ಕೆಳಗಿನ ಹಳ್ಯಾಗ ಮಕ್ಕಳು ಕುಡೀತಾವ.” ಹೊಟ್ಟೆಯ ಮೇಲೆ ಹೊಡೆದು ಸಿಟ್ಟಾಗಬೇಡ ಅಂದರೆ? ನ್ಯಾಯ ಅವಳ ಕಡೆಗಿತ್ತು ಎಂಬುದೇ ನನಗೆ ಇನ್ನಷ್ಟು ಉರಿ ಹಚ್ಚಿತ್ತು.

ಮೂರು ತಿಂಗಳು ಹಂಡೆಗಳು ಬೋರಲು ಬಿದ್ದವು. ಆಮೇಲೊಂದು ಮಧ್ಯಾಹ್ನ ಅದೇ ಮೇಡಂ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆದರೆ ಕೆಂಪು ತಿರುಳಿನ ಪೇರಲ ಹಣ್ಣಿನ ಬಣ್ಣದ ರಾಡಿ. ಹುಳಿ ವಾಸನೆ ಗಪ್ಪೆಂದು ಹೊಡೆಯಿತು. ಅವರ ಮನೆಯಲ್ಲಿ ಮರೆತಿಟ್ಟ ಅಂಬಲಿ ಗಡಿಗೆಯ ಮೇಲೆ ಇಂಥ ಕೆನೆ ಕಟ್ಟಿತ್ತಂತೆ. ಬೇರೆ ಹೆಂಗಸಾಗಿದ್ದರೆ ಚೆಲ್ಲಿ ಗಡಿಗೆ ತಿಕ್ಕುತ್ತಿದ್ದಳು. ಇವಳು ಅದಕ್ಕೆ ಬೆಲ್ಲದ ನೀರು ಕುಡಿಸಿ ಬೆಳೆಸಿದ್ದಳು. ಈಸ್ಟ್ ಅಂತೆ. “ಬ್ರೆಡ್ ಉಬ್ಬಸ್ತದಲ್ರೀ, ಅದರ ತಂಗಿ ಅಂತ ತಿಳೀರಿ. ಇದರ ನೀರು ಕೆನಾಲಿಗೆ ಬಿಟ್ರ ಮೀನೂ ಸಾಯಂಗಿಲ್ಲ. ಈ ಬಣ್ಣ ಅರಿವ್ಯಾಗ ನಿಂತ್ರ ಸಾಹೇಬ್ರು ನಿಮ್ಮ ಮೋರಿ ಬಿಚ್ಚತೀನಿ ಅಂದಾರ.”

ಅಂದರೆ ನನ್ನ ಮೋರಿ ಈಗ ಅವಳ ಅಂಬಲಿ ಗಡಿಗೆಯ ಕೈಯಲ್ಲಿತ್ತು! ನಾನು ಹಲ್ಲು ಕಚ್ಚಿ ಹೂಂ ಅಂದೆ. ಹದಿನೈದು ದಿನ ನನ್ನ ಅಂಗಳದಲ್ಲೇ ಅವಳ ದರಬಾರು. ಅರೆಯುವಳು, ಸೋಸುವಳು, ಕುದಿಸುವಳು, ವಹಿಯಲ್ಲಿ ಬರೆಯುವಳು. ಬಟ್ಟೆ ಅದ್ದಿದಾಗ ಕಣ್ಣು ತುಂಬುವ ಬಣ್ಣ. ತೊಳೆದರೆ ಅರ್ಧಕ್ಕರ್ಧ ನೀರುಪಾಲು.

ಯಾಕೆ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಆ ಬಣ್ಣಕ್ಕೆ ಜಿಡ್ಡು ಬೇಕು. ಬರೀ ಹತ್ತಿಯ ಬಟ್ಟೆ ಅದನ್ನು ಹಿಡಿಯುವುದಿಲ್ಲ. ದಾದಾ ಬಣ್ಣಕ್ಕೆ ಮೊದಲು ಬಟ್ಟೆಯನ್ನು ಅಳಲೆಕಾಯಿ ಪುಡಿ ಕಲಸಿದ ಎಮ್ಮೆ ಹಾಲಿನಲ್ಲಿ ನೆನೆಸಿ, ಹಿಂಡಿ, ನೆರಳಲ್ಲಿ ಒಣಗಿಸುತ್ತಿದ್ದ. ಪುಡಿ ಬಣ್ಣಕ್ಕೆ ಅದು ಬೇಕಾಗದೆ ನಾವು ಬಿಟ್ಟಿದ್ದೆವು. ಓಣಿಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ. ಹೇಳಲಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಓದಿದವರಿಗೆ ಸೊಕ್ಕು ಅಂತ ಮುಂದೆ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸಾಹೇಬರು ಬಂದರು. ಕಾಲೇಜಿನ ನಾಲ್ಕು ಮಂದಿ, ಓಣಿಯ ಜನ, ನನ್ನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಬಣ್ಣ ಹಾಕಿದ ಧೋತರವನ್ನು ಎಲ್ಲರೆದುರು ಹಂಡೆಯಲ್ಲಿ ಅದ್ದಿದಳು. ಮೊದಲ ನೀರು ಕೆಂಪಗಾಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಧೋತರ ಬೆಳ್ಳಗೆ ಕೈಗೆ ಬಂತು. “ಏನ್ ಮೇಡಂ, ಬಣ್ಣಾನೋ ಶರಬತ್ತೋ?” ಅಂದರು ಸಾಹೇಬರು. ಜನ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವಳು ಧೋತರ ಹಿಂಡಿ, ಮಡಚಿ, ಒಮ್ಮೆ ನನ್ನ ಕಡೆ ನೋಡಿದಳು...

ಈಗ ನಿಜ ಹೇಳಿಬಿಡುತ್ತೇನೆ. ಅವಳು ಕೇಳಿದ್ದಳು.

ಹಿಂದಿನ ದಿನ, ಕೈಗೆಲ್ಲ ಬಣ್ಣ ಮೆತ್ತಿಕೊಂಡು, ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದ್ದಳು. ಅವತ್ತು ದನಿಯಲ್ಲಿ ತಹಸೀಲ್ದಾರಕಿ ಇರಲಿಲ್ಲ. “ಭಾಯಿ, ನನಗ ಹೊಳೀವಲ್ದು. ನಿಮ್ಮ ಹಿರ್ಯಾರು ಮೊದಲ ಅರಿವಿಗೆ ಏನರ ಹಚ್ಚತಿದ್ರೇನ್ರಿ?”

“ಏನೂ ಇಲ್ರಿ ಮೇಡಂ,” ಅಂದೆ. “ನೀರಾಗ ಅದ್ದೂದು, ಒಣಗಸೂದು. ಅಷ್ಟ.”

ಅವಳು ನಂಬಿದಳು. ವಹಿಯಲ್ಲಿ ಬರೆದುಕೊಂಡಳು ಕೂಡ.

ಆ ತಿಂಗಳೇ ವರ್ಗ ಮಾಡಿಸಿಕೊಂಡು ಹೋದಳು. ಡಬ್ಬಿ ನನ್ನ ಗೋಡೆಯ ಮೇಲೇ ಉಳಿದಿತ್ತು. ತಳದಲ್ಲಿ ಇನ್ನೂ ಅಷ್ಟು ರಾಡಿ. ನನಗೇನು ದೆವ್ವ ಬಡಿದಿತ್ತೋ, ಪಕ್ಕದ ಮನೆಯಿಂದ ಎಮ್ಮೆ ಹಾಲು ತಂದು, ಅಳಲೆಕಾಯಿ ಕುಟ್ಟಿ, ಒಂದು ತುಂಡು ಬಟ್ಟೆ ನೆನೆಹಾಕಿದೆ. ನೆರಳಲ್ಲಿ ಒಣಗಿಸಿ ಬಣ್ಣಕ್ಕೆ ಬಿಟ್ಟೆ. ಆಮೇಲೆ ಏಳು ಸಲ ತೊಳೆದೆ, ತಿಕ್ಕಿ ತಿಕ್ಕಿ ತೊಳೆದೆ. ಹೋಗಲಿ ಯಾ ಅಲ್ಲಾ, ಹೋಗಲಿ ಎಂದುಕೊಂಡೇ ತೊಳೆದೆ. ಹೋಗಲಿಲ್ಲ. ಆ ತುಂಡನ್ನು ಒಂದು ಲಕೋಟೆಗೆ ಹಾಕಿ ಕಳಿಸಿದ್ದರೆ ಸಾಕಿತ್ತು. ಟ್ರಂಕಿನ ತಳಕ್ಕೆ ಹಾಕಿದೆ. ಮೋರಿ ಮುಚ್ಚಿಯೇ ಉಳಿಯಿತು, ಹಂಡೆಗಳನ್ನು ಮಾರಿದೆ, ರೆಡಿಮೇಡ್ ಅಂಗಡಿಯಲ್ಲಿ ಕೆಲಸಕ್ಕೆ ಕೂತೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಮೇಡಂ ತೀರಿಕೊಂಡ ಸುದ್ದಿಯನ್ನು ಹೋದ ವರ್ಷ ಅವಳ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಬಣ್ಣದ ಮಾತನ್ನು ಅವಳು ಮತ್ತೆ ಯಾವತ್ತೂ ಎತ್ತಲಿಲ್ಲವಂತೆ. ಬ್ಯಾಸರಾಗಿ ಬಿಟ್ಟಿದ್ರು ಕಾಕಾ, ಅಂದ. ಅವನಿಗೆ ಚಹಾ ಕುಡಿಸಿ ಕಳಿಸಿದೆ.

ಇವತ್ತು ಬೆಳಿಗ್ಗೆ ಆ ತುಂಡನ್ನು ತೆಗೆದುಕೊಂಡು ಹಿತ್ತಲ ಆಚೆಗೆ ಹೋದೆ. ಸಿಮೆಂಟು ಜಡಿದ ನನ್ನ ಮೋರಿಯ ಬಾಯಿ ಅಲ್ಲಿಯೇ ಇದೆ, ಮೇಲೆ ಹುಲ್ಲು ಬೆಳೆದಿದೆ. ಮೊಣಕಾಲು ಹಿಡಿದುಕೊಂಡು ಕೂತು, ಸಾಬೂನು ಹಚ್ಚಿ, ತುಂಡನ್ನು ಕಾಲುವೆಯಲ್ಲಿ ಅದ್ದಿ ಹಿಂಡಿದೆ. ಮತ್ತೆ ಅದ್ದಿದೆ, ಮತ್ತೆ ಹಿಂಡಿದೆ.

“ನೋಡ್ರಿ ಮೇಡಂ,” ಅಂದೆ.

ನೀರು ತಿಳಿಯಾಗಿಯೇ ಹರಿಯುತ್ತಿತ್ತು.