ದೋಸೆಹಿಟ್ಟಿನ ಪಕ್ಕದ ಎರಡು ಬಾಟಲಿ

ಕಳೆದ ವಾರ ದೋಸೆಹಿಟ್ಟು ಉಬ್ಬಿದೆಯಾ ಎಂದು ನೋಡಲು ಕಪಾಟಿನ ಬಾಗಿಲು ತೆಗೆದರೆ, ಪಾತ್ರೆಗೆ ಒರಗಿಕೊಂಡು ಎರಡು ಪುಟ್ಟ ಬಾಟಲಿಗಳು ಕೂತಿದ್ದವು. ಒಂದು ತಿಳಿಯಾಗಿತ್ತು. ಇನ್ನೊಂದು ಕಷಾಯದ ಬಣ್ಣ.

ನಾವಿರುವ ಈ ಪರದೇಶದ ಊರು ಹ್ಯಾಮಿಲ್ಟನ್ನಿನ ಚಳಿ ಕಂಡವರಿಗೆ ಈ ಕಪಾಟಿನ ಮಹಿಮೆ ಹೇಳಬೇಕಿಲ್ಲ. ಬಿಸಿನೀರಿನ ಸಿಲಿಂಡರ್ ಇರುವ ಗೂಡು ಅದು. ಇಲ್ಲಿನವರು ಅದರಲ್ಲಿ ಟವೆಲ್ ಒಣಗಿಸುತ್ತಾರೆ, ನಾವು ಹಿಟ್ಟು ಹುದುಗಿಸುತ್ತೇವೆ. ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. (ಜಾಗ ಸಾಲುವ ಹಾಗಿದ್ದರೆ ನಾನೂ ಅಲ್ಲೇ ಮಲಗುತ್ತಿದ್ದೆ.)

ಬಾಟಲಿಗಳು ನನ್ನ ಫ್ಲಾಟ್‌ಮೇಟ್ ಇರ್ಫಾನನವು. ಧಾರವಾಡದವನು, ಹಾಲಿನ ಪುಡಿ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ನನ್ನದು ಹೆಸರಿಗೆ ಐಟಿ, ನಿಜವಾದ ಕಸುಬು ಮಿಮಿಕ್ರಿ. ಇಲ್ಲಿನ ಆಂಟಿಯರು ನನ್ನನ್ನು ಊಟಕ್ಕೆ ಕರೆಯುವುದೇ ಬೇರೆ ಆಂಟಿಯರ ಹಾಗೆ ಮಾತಾಡಿಸಲು.

ಇರ್ಫಾನನ ಅಬ್ಬಾ ಈ ಬೇಸಿಗೆಗೆ ಇಲ್ಲಿಗೆ ಬರುವವರಿದ್ದಾರೆ. ನಿವೃತ್ತ ಬಸ್ ಡ್ರೈವರ್. ಅವರು ಬೀಡಿ ಬಿಟ್ಟು ಎಷ್ಟೋ ಕಾಲವಾಯಿತು, ಬೀಡಿ ಅವರನ್ನು ಬಿಟ್ಟಿಲ್ಲ. ಕಿಸೆಯಲ್ಲಿ ಸದಾ ಇನ್‌ಹೇಲರ್. ಮಗನಲ್ಲಿ ಅವರು ಕೇಳಿಕೊಂಡದ್ದು ಒಂದೇ, ನೀನು ಸೇದಬೇಡ. ಇವನು ಸಿಗರೇಟು ಬಿಟ್ಟು ವೇಪ್ ಹಿಡಿದ, ಅಂದರೆ ಹೊಗೆಯ ಬದಲು ಆವಿ ಎಳೆಯುವ ಇ-ಸಿಗರೇಟು. ಫೋನಿನಲ್ಲಿ ಮಾತ್ರ "ಬಿಟ್ಟೇನಿ ಅಬ್ಬಾ" ಅಂದುಬಿಟ್ಟ. ಅಬ್ಬಾ ವಿಮಾನ ಇಳಿಯುವುದರೊಳಗೆ ಆ ಮಾತನ್ನು ನಿಜ ಮಾಡಬೇಕು. ಅದಕ್ಕೇ ಎರಡು ಬಾಟಲಿ. ಎರಡೂ ವೇಪಿಗೆ ತುಂಬುವ ದ್ರವ, ಬಾದಾಮಿ ಕಸ್ಟರ್ಡ್ ರುಚಿಯದು. ಒಂದರಲ್ಲಿ ನಿಕೋಟಿನ್ ಇದೆ, ಇನ್ನೊಂದರಲ್ಲಿ ಇಲ್ಲ. ಇದ್ದದ್ದನ್ನು ಕಡಿಮೆ ಮಾಡುತ್ತ, ಇಲ್ಲದ್ದನ್ನು ಹೆಚ್ಚು ಬೆರೆಸುತ್ತ, ಕೊನೆಗೆ ಬರೀ ಬಾದಾಮಿಗೆ ಬಂದು ನಿಲ್ಲುವ ಪ್ಲಾನು.

ವೇಪಿನವರಲ್ಲಿ ಒಂದು ಪದ್ಧತಿಯಿದೆ. ಬೆರೆಸಿದ ದ್ರವವನ್ನು ಹದಕ್ಕೆ ಬರಲು ಕೆಲವು ದಿನ ಬಿಡುತ್ತಾರೆ. ಅದಕ್ಕೆ ಸ್ಟೀಪ್ ಮಾಡುವುದು ಅನ್ನುತ್ತಾರೆ. ಕತ್ತಲಲ್ಲಿ, ತಂಪಿನಲ್ಲಿ, ಮುಚ್ಚಳ ಬಿಗಿದು ಇಡಬೇಕು. ಆದರೆ ಹದಕ್ಕೆ ಬರಬೇಕು ಅಂದರೆ ನಮ್ಮವರ ಕೈ ಎಲ್ಲಿಗೆ ಹೋಗುತ್ತದೆ? ಸೀದಾ ಹಿಟ್ಟಿನ ಪಕ್ಕಕ್ಕೆ. ಮೇಲಾಗಿ ಇರ್ಫಾನ್ ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ ಬೇರೆ ನೋಡಿದ್ದಾನೆ, ಹುಳಿ ಬಂತಾ ಅನ್ನುವ ಹಾಗೆ.

"ಬಿಸಿ, ಗಾಳಿ ತಾಗಿದ್ರ ನಿಕೋಟಿನ್ ಕಪ್ಪಾಗತೈತಿ. ಇನ್ನೊಂದರಾಗ ಅದು ಇಲ್ಲ, ಅದಕ್ಕ ತಿಳಿ ಐತಿ" ಅಂದ. (ಲ್ಯಾಬಿನವನಿಗೆ ಇದು ಮೊದಲೇ ಹೊಳೆಯಬಾರದಿತ್ತೇ?)

ಎರಡನ್ನೂ ಒಂದೊಂದು ದಮ್ಮು ಎಳೆದು ನೋಡಿದೆ. ತಿಳಿ ಬಾಟಲಿಯದು ಥೇಟ್ ಬಾದಾಮಿ ಹಾಲು. ಕಂದು ಬಣ್ಣದ್ದು ಒಣಮೆಣಸಿನಕಾಯಿ ಬೀಜದ ಹಾಗೆ ಗಂಟಲು ಕೆರೆಯಿತು. ಬಾದಾಮಿ ಎಲ್ಲೋ ದೂರದಲ್ಲಿ, ಪಕ್ಕದ ಮನೆಯವರು ಹುರಿಯುತ್ತಿರುವ ಹಾಗೆ. ಹೊಸದಿದ್ದಾಗಲೂ ನಿಕೋಟಿನ್ ರುಚಿಯನ್ನು ಸ್ವಲ್ಪ ಅದುಮುತ್ತದಂತೆ. ಕೆಟ್ಟ ಮೇಲೆ ಕೇಳಬೇಕೇ?

"ಹಂಗಾದ್ರೆ ತಿಳಿಯಾಗಿರೋದೇ ಚೆನ್ನಾಗಿದೆ ಅಲ್ವೇನೋ?"

"ಛಲೋ ಐತಿ. ಆದ್ರ ಅದರಾಗ ಏನೂ ಇಲ್ಲಲೇ."

"ಬಾದಾಮಿ ಇದೆಯಲ್ಲ."

"ಬಾದಾಮಿ ತಿನ್ನಾಕ ನಾ ಏನ್ ಕುಸ್ತಿ ಆಡ್ತೇನಿ?"

ನಕ್ಕೆವು. ಆಮೇಲೆ ನಗು ಬರಲಿಲ್ಲ. ವೇಪ್ ಅಂಗಡಿಯ ಕಪಾಟಿನಲ್ಲಿ ಮಾವು, ಕಲ್ಲಂಗಡಿ, ಕಸ್ಟರ್ಡ್ ಅಂತ ಸಾಲುಗಟ್ಟಿ ನಿಂತಿರುತ್ತವಲ್ಲ, ಅವೆಲ್ಲ ಬಾಗಿಲಲ್ಲಿ ಕೈಮುಗಿದು ಒಳಗೆ ಕರೆಯುವವು. ಮನೆಯ ಯಜಮಾನನೇ ಬೇರೆ, ನಿಕೋಟಿನ್. ಅವನು ಕಾರವಾಗಿದ್ದರೂ, ಕೆಟ್ಟಿದ್ದರೂ ನಾವು ಹೋಗುವುದು ಅವನನ್ನು ನೋಡಲು. (ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಫೋನಿಗೆ ತಡಕಾಡುವ ನಾನು ಇದನ್ನು ಬರೆಯುತ್ತಿದ್ದೇನೆ.)

ಭಾನುವಾರ ಅಬ್ಬಾ ವಿಡಿಯೋ ಕಾಲ್ ಮಾಡಿದರು. "ಏನಪಾ ನಾಟಕದವನ, ಇವತ್ತ ಯಾರನ್ನ ಮಾಡ್ತಿ?"

"ನೀವೇ ಹೇಳಿ ಅಂಕಲ್."

"ನಮ್ಮ ಇರ್ಫಾನನ್ನ ಮಾಡಿ ತೋರ್ಸು. ಅವನ್ನ ನೋಡಿ ಭಾಳ ದಿನ ಆತು."

ಮಾಡಿದೆ. ವೇಪ್ ಮಾತ್ರ ಜಾಣತನದಿಂದ ಬಿಟ್ಟೆ. ಇಳಿಬಿಟ್ಟ ಭುಜ, ಎಳೆದೆಳೆದು ಹೇಳುವ "ಹಂಗಲ್ಲಪಾ". ನಡುವೆ ಎರಡು ಒಣಕೆಮ್ಮು, ಒಮ್ಮೆ ಗಂಟಲು ಕೆರೆದು, ಎದೆಯ ಮೇಲೆ ಅಂಗೈ. ನಮ್ಮ ಗ್ಯಾಂಗು ಯಾವಾಗಲೂ ಬಿದ್ದು ಬಿದ್ದು ನಗುವುದು ಆ ಕೆಮ್ಮಿಗೇ.

ಅಬ್ಬಾ ನಗಲಿಲ್ಲ.

"ಇರ್ಫಾನನ್ನ ಮಾಡಂದ್ರ ನನ್ನ ಮಾಡಿದೆಲ್ಲಪಾ" ಅಂದರು.

ಇರ್ಫಾನ್ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. "ಇಲ್ಲಿ ಥಂಡಿ ಭಾಳ ಐತಿ ಅಬ್ಬಾ" ಅಂದ.

"ಹೌದಾ? ಸ್ವೆಟರ್ ಹಾಕ್ಕೋ" ಅಂದರು. ಬೇರೇನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಕಾಲ್ ಮುಗಿದದ್ದೇ ಇವನು ಕಪಾಟಿಗೆ ಹೋದ. ಕಂದು ಬಾಟಲಿಯನ್ನು ಚೆಲ್ಲಿಬಿಡುತ್ತಾನೆ ಅಂತ ನಾನು ಸಿಂಕಿನ ನಲ್ಲಿ ತಿರುಗಿಸಿ ನಿಂತೆ. ಅವನು ಅದೇ ಬಾಟಲಿಯಿಂದ ವೇಪಿಗೆ ತುಂಬಿಸಿಕೊಂಡ, ಅಂಚಿನವರೆಗೂ. ತಿಳಿಯ ಬಾಟಲಿಯನ್ನು ಹಿಟ್ಟಿನ ಪಾತ್ರೆಯ ಹಿಂದಕ್ಕೆ ಸರಿಸಿದ.

"ನಾಳಿಂದ ಕಡಿಮಿ ಮಾಡ್ತೇನಿ" ಅಂದ, ನನ್ನ ಮುಖ ನೋಡದೆ. ನಾನು ನಲ್ಲಿ ನಿಲ್ಲಿಸಿದೆ.

ಅಂದಿನಿಂದ ಆ ಕೆಮ್ಮಿನ ಮಿಮಿಕ್ರಿಯನ್ನು ನಾನು ಬಿಟ್ಟಿದ್ದೇನೆ. ಇರ್ಫಾನ್ ಇನ್ನೂ ಮಾಡುತ್ತಿದ್ದಾನೆ, ಥೇಟ್ ತನ್ನ ಅಬ್ಬಾನ ಹಾಗೆ.