ದೋಣಿ ತಡೆದ ನುಚ್ಚಿನ ಪಾತ್ರೆ

ಜೌಗಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ವರ್ಡೆಲ್ ಚಿಸಮ್ ಅವರ ಅಡುಗೆಮನೆಯ ಹಿಂಬಾಗಿಲು ಆಗಲೇ ತೆರೆದಿದೆ. ನೆನೆಸಿಟ್ಟ ಮೆಕ್ಕೆಜೋಳದ ನುಚ್ಚಿನ ಮೇಲೆ ತೇಲುವ ಹೊಟ್ಟನ್ನು ಅವರು ಅಂಗೈಯಿಂದ ಬಳಿದು ಚೆಲ್ಲುತ್ತಾರೆ. ಕುದಿಯುವ ಉಪ್ಪುನೀರಿಗೆ ನುಚ್ಚು ಸುರಿದು, ಮರದ ಸೌಟಿನಿಂದ ಬಿಡದೆ ತಿರುವುತ್ತಾರೆ. ಅದು ಮೆತ್ತಗೆ ಬೆಂದ ಮೇಲೆ ಹಾಲು, ಬೆಣ್ಣೆ. ಒಲೆ ಆರಿಸಿ, ಕೊನೆಗೆ ತುರಿದ ಚೀಸ್.

"ಉರಿ ಮೇಲೆ ಹಾಕಿದ್ರೆ ಚೀಸ್ ಮುನಿಸ್ಕೊಂಡು ಗಂಟಾಗುತ್ತೆ," ಎನ್ನುತ್ತಾರೆ.

ಸಿಗಡಿ ದೋಣಿಯವರು ಜಗುಲಿಯಲ್ಲಿ ಬೂಟು ಕಳಚಿ ಒಳಗೆ ಬರುತ್ತಾರೆ. ದಕ್ಷಿಣ ಕೆರೊಲಿನಾದ ಕರಾವಳಿಯ ಈ ದ್ವೀಪದಲ್ಲಿ ಬೆಳಗಿನ ನುಚ್ಚು ಹೊಟ್ಟೆಗೆ ಬೀಳದೆ ಯಾರೂ ಬಲೆ ಮುಟ್ಟುವುದಿಲ್ಲ.

ವರ್ಡೆಲ್ ಹೋಟೆಲಿನವರಲ್ಲ. ಗಂಡ ದೋಣಿಗೆ ಹೋಗುತ್ತಿದ್ದಾಗ ಅವನ ಜೊತೆಗಾರರಿಗೂ ಸೇರಿಸಿ ಬೇಯಿಸುತ್ತಿದ್ದರು. ಆತ ಎದೆನೋವಿನಿಂದ ತೀರಿಕೊಂಡ ಮೇಲೆ ಒಂದು ಬೆಳಗ್ಗೆ ಅವರೆಲ್ಲ ಹಿಂಬಾಗಿಲಲ್ಲಿ ಬಂದು ಹಿಂಜರಿದು ನಿಂತರು. "ಒಳಗೆ ಬನ್ರೋ, ಹಸಿವಿಗೆ ಯಾವ ಸೂತಕ ಅಂದೆ," ಎಂದು ನೆನೆಯುತ್ತಾರೆ. ಅಂದಿನಿಂದ ಒಂದು ಬೆಳಗ್ಗೆಯೂ ಒಲೆ ಹಚ್ಚದೆ ಬಿಟ್ಟಿಲ್ಲ. ಸಿಡಿದ ನುಚ್ಚಿನ ಸುಟ್ಟ ಕಲೆಗಳು ಮುಂಗೈ ತುಂಬ ಇವೆ. ಬಲಭುಜ ಮೇಲೆತ್ತಲು ಬರುವುದಿಲ್ಲ.

ಇದೇ ಬೀದಿಯಲ್ಲಿ ಬಹಳ ಕಾಲದಿಂದ ಇರುವ ನನಗೂ ಒಂದು ಮಂಜಿನ ಬೆಳಗ್ಗೆಯ ವಿಷಯ ತಿಳಿದದ್ದು ಈಚೆಗೆ.

ಅಂದು ಎಲ್ಲರಿಗಿಂತ ಮೊದಲು, ದೋಣಿಯಲ್ಲಿ ದುಡಿಯುವ ವರ್ಡೆಲ್ ಅವರ ಅಕ್ಕನ ಮಗ ರೂಫಸ್ ಒಬ್ಬನೇ ಬಂದನಂತೆ. ಬೂಟು ಕಳಚಲಿಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕುರ್ಚಿಯಲ್ಲಿ ಕುಳಿತ. ಇವರು ಬಟ್ಟಲು ತುಂಬಿ ಇಟ್ಟರೂ ಚಮಚ ಮುಟ್ಟಲಿಲ್ಲ.

"ಚಿಕ್ಕಮ್ಮ, ತುಂಬಾ ಚಳಿ," ಎಂದಷ್ಟೇ ಹೇಳಿದ.

ತಳ ಹಿಡಿದೀತೆಂದು ಇವರು ಪಾತ್ರೆಯತ್ತ ತಿರುಗಿದರು. ಮತ್ತೆ ನೋಡಿದಾಗ ಕುರ್ಚಿ ಖಾಲಿ. ನೆಲದಲ್ಲಿ ನೀರು. ಆಗಷ್ಟೇ ಬಡಿಸಿದ ನುಚ್ಚು ತಣ್ಣಗಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಸ್ವಲ್ಪ ಹೊತ್ತಿಗೆ ದೋಣಿಯ ಕ್ಯಾಪ್ಟನ್ ಗಿಬ್ಸ್ ತನ್ನ ಆಳುಗಳೊಂದಿಗೆ ಬಂದ. ಅವರ ಹಿಂದೆಯೇ ಆಕಳಿಸುತ್ತ ರೂಫಸ್ ಬಂದ. ಬಟ್ಟೆ ಒಣಗಿತ್ತು.

"ಏನ್ ಚಿಕ್ಕಮ್ಮ, ದೆವ್ವ ನೋಡ್ದಂಗೆ ನೋಡ್ತೀಯಾ?"

ಮನೆಯೊಳಗೆ ದೆವ್ವ ಬರದಿರಲೆಂದು ಇಲ್ಲಿ ಎಲ್ಲರೂ ಜಗುಲಿಯ ಸೂರಿಗೆ ನೀಲಿ ಬಳಿಯುತ್ತಾರೆ. ಅದು ಏಕೆ ತಡೆಯಲಿಲ್ಲ ಎಂದು ನಾನು ಕೇಳುತ್ತೇನೆ. "ಬಂದೋನು ಸತ್ತೋನಲ್ವಲ್ಲ," ಎನ್ನುತ್ತಾರೆ. "ಬದುಕಿರೋರನ್ನ ಬಣ್ಣ ಹೆಂಗೆ ತಡಿಯುತ್ತೆ?"

ವರ್ಡೆಲ್ ಅಂದು ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ದೋಣಿಯವರು ನಕ್ಕು ಹೊರಟುಬಿಡುತ್ತಿದ್ದರು. ಬೆಂದ ನುಚ್ಚನ್ನೆಲ್ಲ ಬಚ್ಚಲಿಗೆ ಸುರಿದು, ತಳ ಹಿಡಿಯಿತೆಂದು ಸುಳ್ಳು ಹೇಳಿ, ಹೊಸದಾಗಿ ನೀರಿಟ್ಟರು.

"ಮಿಸ್ ವರ್ಡೆಲ್, ಉಬ್ಬರ ನಮಗೋಸ್ಕರ ಕಾಯಲ್ಲ," ಎಂದು ಗಿಬ್ಸ್ ಗೊಣಗಿದ.

"ಕಾಯದಿದ್ರೆ ಹೋಗ್ಲಿ ಬಿಡು. ನನ್ನ ಮನೆಯಿಂದ ಹಸ್ಕೊಂಡು ಯಾರೂ ಹೋಗಲ್ಲ."

ಉರಿಯನ್ನು ಬೇಕೆಂದೇ ಸಣ್ಣದಾಗಿಸಿದರು. ಚೀಸನ್ನು ಎಳೆ ಎಳೆಯಾಗಿ ತುರಿದರು. ಎಲ್ಲರೂ ಬಟ್ಟಲು ಬಳಿದು ತಿಂದು ಮುಗಿಸುವಷ್ಟರಲ್ಲಿ ಉಬ್ಬರ ಇಳಿದು, ದೋಣಿ ಕೆಸರಿನಲ್ಲಿ ಕುಳಿತಿತ್ತು.

ಅದೇ ಬೆಳಗ್ಗೆ ಆಚೆ ದಂಡೆಯಿಂದ ಹೊರಟ ಇನ್ನೊಂದು ದೋಣಿ ಮಂಜಿನಲ್ಲಿ ಮರಳುದಿಣ್ಣೆಗೆ ಬಡಿದು ಮಗುಚಿತು. ಮೂವರು ಹೋದರು. ಒಬ್ಬನ ದೇಹ ಇವತ್ತಿಗೂ ಸಿಕ್ಕಿಲ್ಲ.

ಊರಿನವರು ಇವರನ್ನು ಪುಣ್ಯವಂತೆ ಎನ್ನುತ್ತಾರೆ. ವರ್ಡೆಲ್ ಒಪ್ಪುವುದಿಲ್ಲ. "ಆ ಮೂವರೂ ಯಾರ ಬಾಗಿಲಿಗೋ ಹೋಗಿ ನಿಂತಿರ್ತಾರೆ. ಅಲ್ಲಿ ಯಾರೂ ಎದ್ದಿರಲಿಲ್ಲವೇನೋ," ಎನ್ನುತ್ತ ಸೆರಗಿನಂತೆ ಏಪ್ರನ್ನಿನ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಈಗ ಆಚೆ ದಂಡೆಯವರಿಗೂ ಇಲ್ಲೇ ನುಚ್ಚು. ಪಾತ್ರೆ ದೊಡ್ಡದಾಗಿದೆ, ಭುಜದ ನೋವೂ.

ರೂಫಸ್‌ಗೆ ವಿಷಯ ಗೊತ್ತು. ಅದನ್ನು ಅವನು ಎತ್ತುವುದಿಲ್ಲ. ಬಟ್ಟಲು ಖಾಲಿ ಮಾಡಿ ಮೇಜಿನ ಮೇಲೇ ಬಿಟ್ಟು, ಚಿಕ್ಕಮ್ಮನ ತಲೆಗೊಂದು ಮುತ್ತಿಟ್ಟು ಓಡುತ್ತಾನೆ.

ಇನ್ನೇನು ಬೇಕು ನಿಮಗೆ ಎಂದು ನಾನು ಕೇಳುತ್ತೇನೆ. ಅವರು ಎಂಜಲು ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸುತ್ತಾರೆ.

"ಹಿಂಗೇ ತೊಳೀದೆ ಬಿಟ್ಟು ಹೋಗ್ಲಿ ಎಲ್ರೂ. ಸಾಯಂಕಾಲ ಬಂದು ಬೈಸ್ಕೊಳ್ಲಿ. ಅಷ್ಟೇ."