ಸಗಣಿ ಸಾರಿಸಿದ ಅಂಕಣ

ಅಜ್ಜಂಪುರದ ದೇವೀರಪ್ಪ ಬ್ಯಾಸ್ಕೆಟ್‌ಬಾಲ್ ಕಲಿತದ್ದು ಮನೆಯ ಹಿಂದಿನ ಒಕ್ಕಣೆಯ ಕಣದಲ್ಲಿ. ಬಿಸಿಲಿಗೆ ಬೆಂದು ಕಲ್ಲಾದ ನೆಲ. ಚೆಂಡನ್ನು ಮೊಣಕಾಲಿನ ಮೇಲೆ ಏಳಗೊಡದೆ ಪುಟಿಸುತ್ತ, ನಾಲ್ಕು ಜನರ ನಡುವೆ ನುಸುಳಿ ಬುಟ್ಟಿಗೆ ಹಾಕುವುದೇ ಅವನ ಆಟ. ಬೇರೆ ಆಟ ಅವನಿಗೆ ಬರುತ್ತಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ.

ಕಡೂರಿನವರ ಬಗೆಯೇ ಬೇರೆ. ಅವರ ಅಂಕಣದ ತುಂಬ ಗರಸು ಕಲ್ಲು. ಬಿದ್ದ ಚೆಂಡು ಎತ್ತ ಹಾರೀತೋ ಹೇಳುವ ಹಾಗಿಲ್ಲ. ಅದಕ್ಕೇ ಅವರು ನೆಲಕ್ಕೆ ಬಿಡದೆ ಕೈಯಿಂದ ಕೈಗೆ ದಾಟಿಸಿ, ಎತ್ತರದ ಆಳು ಚಂದ್ರಶೇಖರನಿಗೆ ಮುಟ್ಟಿಸುತ್ತಿದ್ದರು. ಎಪ್ಪತ್ತೇಳನೇ ಇಸವಿಯ ಜಿಲ್ಲಾ ಪಂದ್ಯಾವಳಿಯ ಫೈನಲ್ ಆ ಗರಸಿನ ಮೇಲೆ ನಡೆದು ದೇವೀರಪ್ಪ ಸೋತು ಬಂದಿದ್ದ.

ಮರುವರ್ಷ ಅಜ್ಜಂಪುರದವರು ತರೀಕೆರೆಯವರನ್ನು ಸೋಲಿಸಿ ಮತ್ತೆ ಫೈನಲ್ ಮುಟ್ಟಿದರು. ಈ ಸಲ ಆಟ ಅಜ್ಜಂಪುರದಲ್ಲೇ, ಕಣದಷ್ಟೇ ಗಟ್ಟಿ ನೆಲದ ಕ್ಲಬ್ಬಿನ ಅಂಕಣದಲ್ಲಿ. ಎದುರಾಳಿ ಅದೇ ಕಡೂರು. ಬೆಂಗಳೂರಿನ ಕಾರ್ಖಾನೆಯೊಂದರ ಕೋಚ್ ನೋಡಲು ಬರುವವರಿದ್ದರು. ಅವರ ತಂಡಕ್ಕೆ ಒಬ್ಬ ಬೇಕು. ಆರಿಸಿದರೆ ಆಡುವುದೇ ನೌಕರಿ.

"ನಮ್ಮ ನೆಲ, ನನ್ನ ಆಟ. ಇನ್ನೇನು ಬೇಕು?" ಎಂದು ದೇವೀರಪ್ಪ ಕೋಚನ್ನು ಕರೆತರಲು ಬೆಳಿಗ್ಗೆಯೇ ಕಡೂರಿನ ರೈಲು ನಿಲ್ದಾಣಕ್ಕೆ ಹೋದ.

ಇತ್ತ ಕ್ಲಬ್ಬಿನ ಹಿರಿಯ, ಕೊಬ್ಬರಿ ಮಂಡಿಯ ಪಂಚಾಕ್ಷರಪ್ಪ ಅಂಕಣ ನೋಡಿ ತಲೆ ಕೆರೆದುಕೊಂಡರು. "ದೊಡ್ಡೋರು ಬಂದು ಧೂಳು ಕುಡಿಯೋದಾ? ಕಣ ಸಾರಿಸ್ದಂಗೆ ಸಾರಿಸ್ಬಿಡ್ರವ್ವ."

ದೇವೀರಪ್ಪನ ತಾಯಿ ತೀರ್ಥಮ್ಮನೇ ಮುಂದಾದಳು. ಕೇರಿಯ ಹೆಂಗಸರೆಲ್ಲ ಸೇರಿ ದಪ್ಪನಾಗಿ ಸಗಣಿ ಬಳಿದರು. ಕಣವಾದರೆ ಒಕ್ಕುವ ಮುಂಚೆ ಎರಡು ದಿನ ಒಣಗಲು ಬಿಡುತ್ತಾರೆ. ಇಲ್ಲಿ ಮಧ್ಯಾಹ್ನವೇ ಆಟ, ಮೇಲೆ ಮೋಡ ಮುಚ್ಚಿದ ದಿನ.

ಕೋಚ್ ಜೊತೆ ಬಂದಿಳಿದ ದೇವೀರಪ್ಪ ಕಾಲಿನಿಂದ ನೆಲ ಒತ್ತಿ ನೋಡಿದ. ಹೆಬ್ಬೆರಳ ಗುರುತು ಮೂಡಿತು.

"ಯಾರವ್ವ ಇದನ್ನ ಮಾಡಿದ್ದು?"

"ನಾನೇ ಕಣೋ. ಸೊಂಟ ಬಿದ್ದೋಯ್ತು. ಹೆಂಗೈತೆ?"

ಅವಳ ಕೈ ಇನ್ನೂ ಹಸಿರಾಗಿತ್ತು. "ಚೆನ್ನಾಗೈತೆ" ಎಂದ.

ಆಟ ಶುರುವಾಯಿತು. ಅವನು ತಟ್ಟಿದ ಚೆಂಡು ಗೋಡೆಗೆ ತಟ್ಟಿದ ಬೆರಣಿಯ ಹಾಗೆ ಕೂತಿತು.

"ಲೇ, ನೆಲಕ್ಕೆ ಬಿಡಬೇಡ, ನಂಗೆ ಎಸಿ" ಎಂದ ಜೊತೆಗಾರ ಈರಣ್ಣ.

"ಸಾಹೇಬ್ರು ಬಂದಿರೋದು ಇದನ್ನ ನೋಡಕ್ಕೆ ಕಣೋ."

"ನೋಡ್ತಾವ್ರಲ್ಲ, ಬಾಯಿಗೆ ಕರ್ಚೀಪು ಅಡ್ಡ ಹಿಡ್ಕೊಂಡು."

ಅವನು ಮತ್ತೆ ತಟ್ಟಿದ, ಜಾರಿ ಬಿದ್ದ, ಎದ್ದು ಮತ್ತೆ ತಟ್ಟಿದ. ಕಡೂರಿನವರಿಗೆ ನೆಲದ ಹಂಗೇ ಇರಲಿಲ್ಲ; ಚೆಂಡು ತಲೆಗಳ ಮೇಲೇ ಓಡಾಡಿತು. ಆಟ ಮುಗಿದಾಗ ಕೋಚ್ ಚಂದ್ರಶೇಖರನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟರು. ಹೊರಡುವ ಮುಂಚೆ ಚಂದ್ರಶೇಖರ ತೀರ್ಥಮ್ಮನಿಗೆ ಕೈಮುಗಿದು, "ಒಂಚೂರು ಧೂಳು ಏಳಲಿಲ್ಲ ಕಣವ್ವ, ನಿಮ್ಮ ನೆಲ ಬಂಗಾರ" ಎಂದ.

ದೇವೀರಪ್ಪ ಪಂಚಾಕ್ಷರಪ್ಪನವರ ಮಂಡಿಯಲ್ಲೇ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ. ಹತ್ತು ವರ್ಷ ಕಳೆದರೂ ಸುಗ್ಗಿ ಬಂದಾಗಲೆಲ್ಲ ಕಣ ಸಾರಿಸುತ್ತ ತೀರ್ಥಮ್ಮ ನೆರೆಯವರಿಗೆ ಹೇಳುತ್ತಾಳೆ: "ಗೆದ್ದೋರೇ ಹೊಗಳಿದ ನೆಲ ಕಣ್ರೇ. ನನ್ನ ಮಗನಿಗೇ ಆಡಕ್ಕೆ ಬರ್ಲಿಲ್ಲ. ಅಲ್ವೇನೋ?"

"ಹೂಂ ಕಣವ್ವ" ಎನ್ನುತ್ತಾನೆ ದೇವೀರಪ್ಪ, ಅವಳ ಬುಟ್ಟಿಗೆ ಇನ್ನಷ್ಟು ಸಗಣಿ ತುಂಬುತ್ತ.